ಟ್ರೈಪಾಡ್ ಸಾಕೇ, ಟ್ರ್ಯಾಕರ್ ಬೇಕೇ, ಸ್ಮಾರ್ಟ್ ದೂರದರ್ಶಕ ವಾಸಿಯೇ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಿಂದ ನೀಹಾರಿಕೆ ಹಿಡಿಯುವವರಿಗೆ

ಮದುವೆ ಫೋಟೋಗೆಂದು ಕೊಂಡ ಕ್ಯಾಮೆರಾ ಮನೆಯಲ್ಲಿದೆ, ಅದರಲ್ಲೇ ನೀಹಾರಿಕೆ (ನಕ್ಷತ್ರಗಳ ನಡುವಿನ ಅನಿಲ, ದೂಳಿನ ಮೋಡ) ಬರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಕೆಲವರು ಅರವತ್ತು ಎಪ್ಪತ್ತು ಸಾವಿರ ಕೂಡಿಸಿಟ್ಟುಕೊಂಡು, ಸೀಸ್ಟಾರ್‌ನಂಥ ಸ್ಮಾರ್ಟ್ ದೂರದರ್ಶಕವೋ, ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರೋ ಎಂದು ತೂಗುತ್ತಿದ್ದಾರೆ. ಬಾಗೇಪಲ್ಲಿ ಕಡೆ ತೋಟದ ಮನೆ ಇರುವವರಿಗೆ ಒಂದೇ ಸಲ ದೊಡ್ಡ ಮೌಂಟ್ (ದೂರದರ್ಶಕ ಹೊತ್ತು ತಿರುಗಿಸುವ ಆಸರೆ) ನಿಲ್ಲಿಸಿಬಿಡುವ ಆಸೆ. ಇವರೆಲ್ಲರಿಗೂ ಒಂದೇ ಸಾಮಾನನ್ನು ಹೇಳಲಾಗದು. ಆದರೆ ಎಲ್ಲರೂ ಹಾಕಿಕೊಳ್ಳಬೇಕಾದ ಲೆಕ್ಕ ಒಂದೇ: ವರ್ಷಕ್ಕೆ ನಿಮಗೆ ಸಿಗುವ ಕತ್ತಲಿನ ಗಂಟೆಗಳೆಷ್ಟು, ಅದರಲ್ಲಿ ಎಷ್ಟು ಗಂಟೆಯ ಬೆಳಕು ಒಳ್ಳೆಯ ಫ್ರೇಮುಗಳಾಗಿ ಮನೆಗೆ ಬರುತ್ತದೆ. ದುಬಾರಿ ಸಾಮಾನು ಕೊಂಡವರು ಸೋಲುವುದು ಬಹುಪಾಲು ಈ ಲೆಕ್ಕದಲ್ಲೇ.

ಕತ್ತಲಿನ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್ ನವೆಂಬರ್‌ನಲ್ಲಿ ಹಿಂಗಾರು. ನೆಚ್ಚಬಹುದಾದ ಆಕಾಶ ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಸುರಿದು ಹೋದ ಮೇಲೆ ತೊಳೆದಂಥ ಆಕಾಶ ಸಿಗುವುದುಂಟು, ಆದರೆ ಅದನ್ನು ನಂಬಿ ರಜೆ ಹಾಕಲಾಗದು. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಬಹುಳ ಪಂಚಮಿ ಕಳೆದ ಮೇಲೆ ಚಂದ್ರ ಹುಟ್ಟುವುದು ರಾತ್ರಿ ಹತ್ತರ ನಂತರ. ಶುಕ್ಲ ಪಂಚಮಿಯವರೆಗೆ ಅವನು ಹತ್ತರ ಸುಮಾರಿಗೆ ಮುಳುಗಿಬಿಡುತ್ತಾನೆ. ತಿಂಗಳಿಗೆ ಹೀಗೆ ಹದಿನೈದು ರಾತ್ರಿ. ಅದರಲ್ಲಿ ಶನಿವಾರ ಎರಡೇ. ಕೆಲಸಕ್ಕೆ ಹೋಗುವವರಿಗೆ ಇಡೀ ಹಂಗಾಮಿನಲ್ಲಿ ಏಳೆಂಟು ರಾತ್ರಿ ಸಿಕ್ಕರೆ ದೊಡ್ಡದು.

ನೀಹಾರಿಕೆಯ ಬೆಳಕು ತೀರ ಮಂದ. ಒಂದೇ ಕ್ಲಿಕ್ಕಿನಲ್ಲಿ ಬರುವುದಿಲ್ಲ, ನೂರಾರು ಫ್ರೇಮು ತೆಗೆದು ಒಂದರ ಮೇಲೊಂದು ಪೇರಿಸಬೇಕು. ಪೇರಿಸಿದಷ್ಟೂ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳುಕಾಳು ಕಲೆ, ಇಳಿಯುತ್ತದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ: 15 ನಿಮಿಷದ ಬೆಳಕನ್ನು 1 ಗಂಟೆಗೆ ಏರಿಸಿದರೆ ಚಿತ್ರ ಎರಡರಷ್ಟು ಶುದ್ಧ, ಅದರ ಮೇಲೆ ಇನ್ನೂ ಎರಡರಷ್ಟು ಬೇಕೆಂದರೆ 4 ಗಂಟೆ. ಜೋಡಿಸಲು ಒಂದೂವರೆ ಗಂಟೆ ಹಿಡಿಯುವ ಸಾಮಾನು ಎಂಟು ರಾತ್ರಿಯಲ್ಲಿ ಹನ್ನೆರಡು ಗಂಟೆ ನುಂಗುತ್ತದೆ. ಹತ್ತು ನಿಮಿಷದಲ್ಲಿ ಶುರುವಾಗುವ ಚಿಕ್ಕ ಸಾಮಾನು ಆ ಹೊತ್ತಿನಲ್ಲಿ ಬೆಳಕು ಕೂಡಿಸುತ್ತಲೇ ಇರುತ್ತದೆ.

13 ಡಿಗ್ರಿಯ ಧ್ರುವ

ಹೊರದೇಶದ ವಿಡಿಯೋ ನೋಡಿ ಸಾಮಾನು ಆರಿಸುವವರು ಎಡವುವುದು ಇಲ್ಲಿ. ನಮ್ಮ ಮೂರೂ ಜಿಲ್ಲೆಗಳು ಹೆಚ್ಚುಕಡಿಮೆ 13ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರ. ನೂರು ಮೀಟರ್ ಆಚೆ 23 ಮೀಟರ್ ಎತ್ತರದ ನೀಲಗಿರಿ ತೋಪಿದ್ದರೆ ಸಾಕು, ಧ್ರುವ ಮುಚ್ಚಿಹೋಯಿತು. ಒಂದು ಕಿಲೋಮೀಟರ್ ದೂರದಲ್ಲಿ 230 ಮೀಟರಿನ ಬೆಟ್ಟವಿದ್ದರೂ ಅಷ್ಟೇ. ನಂದಿ, ಸ್ಕಂದಗಿರಿ, ಮಧುಗಿರಿಯಂಥ ಬೆಟ್ಟಗಳ ದಕ್ಷಿಣ ತಪ್ಪಲಲ್ಲಿ ನಿಂತರೆ ಧ್ರುವದ ಆಸೆ ಬಿಡಬೇಕಾದೀತು, ಉತ್ತರ ತಪ್ಪಲಿಗೆ ಹೋದರೆ ಕಾಣುತ್ತದೆ. ಬಯಲಲ್ಲೇ ಇದ್ದರೂ ಬೇಸಿಗೆಯ ದೂಳಿನಲ್ಲಿ, ಡಿಸೆಂಬರಿನ ಮಬ್ಬಿನಲ್ಲಿ ಅಷ್ಟು ತಗ್ಗಿನ ನಕ್ಷತ್ರ ಸಲೀಸಾಗಿ ಸಿಗುವುದಿಲ್ಲ.

ಒಂದು ಡಿಗ್ರಿಯ 60ರಲ್ಲೊಂದು ಪಾಲು ಆರ್ಕ್‌ಮಿನಿಟ್, 3,600ರಲ್ಲೊಂದು ಪಾಲು ಆರ್ಕ್‌ಸೆಕೆಂಡ್. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಅದರ ಜೊತೆಗೇ ತಿರುಗುವ ಯಂತ್ರದ ಅಕ್ಷ ಧ್ರುವಕ್ಕೆ ನೇರವಾಗಿರಬೇಕು. ಅಕ್ಷ 1 ಡಿಗ್ರಿ ತಪ್ಪಿದ್ದರೆ ನಿಮಿಷಕ್ಕೆ ಹೆಚ್ಚೆಂದರೆ ಸುಮಾರು 16 ಆರ್ಕ್‌ಸೆಕೆಂಡ್ ಜಾರುತ್ತದೆ. 4 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾಗೆ 50 ಮಿಮೀ ಲೆನ್ಸ್ ಹಾಕಿದ್ದರೆ ಅದು ಒಂದು ಪಿಕ್ಸೆಲ್, ಕಣ್ಣಿಗೆ ಗೊತ್ತಾಗದು. 135 ಮಿಮೀ ಆದರೆ ಎರಡೂವರೆ ಪಿಕ್ಸೆಲ್, ನಕ್ಷತ್ರ ಉದ್ದವಾಗುತ್ತದೆ. 400 ಮಿಮೀ ದೂರದರ್ಶಕದಲ್ಲಿ ಏಳೆಂಟು ಪಿಕ್ಸೆಲ್, ಫ್ರೇಮು ಕಸಕ್ಕೆ. ಹಾಗಾಗಿ ಫೋಕಲ್ ಉದ್ದ (ಲೆನ್ಸಿನ ಈ ಮಿಮೀ ಅಂಕಿ, ಹೆಚ್ಚಿದಷ್ಟೂ ಚಿತ್ರ ಹತ್ತಿರ) ಏರಿದಂತೆ ಧ್ರುವದ ತೊಂದರೆಯೂ ಏರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಚೌಕಟ್ಟು ಮತ್ತು ಕೆಂಪು ಬೆಳಕು

ನೀಹಾರಿಕೆ ಎಂದರೆ ಚಿಕ್ಕದು, ಹತ್ತಿರಕ್ಕೆ ಎಳೆಯಬೇಕು ಎಂಬ ಎಣಿಕೆ ಎಷ್ಟೋ ಜನರಿಗಿದೆ. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆ, ಅಂದರೆ ಎಂ 42, ಅದರ ಎರಡರಷ್ಟು ಅಗಲ. ರೋಸೆಟ್ ಸುಮಾರು 1.3 ಡಿಗ್ರಿ. ಧನು ರಾಶಿಯ ಲಗೂನ್ ಒಂದೂವರೆ. ಉತ್ತರ ಅಮೆರಿಕ ನೀಹಾರಿಕೆ, ಕರೀನಾ ಎರಡೆರಡು ಡಿಗ್ರಿ, ಕ್ಯಾಲಿಫೋರ್ನಿಯಾ ಎರಡೂವರೆ ಡಿಗ್ರಿ ಉದ್ದ. ಬರ್ನಾರ್ಡ್ ಲೂಪ್ ಮಹಾವ್ಯಾಧನ ಅರ್ಧ ಮೈಯನ್ನೇ ಸುತ್ತುತ್ತದೆ. ನಿಜಕ್ಕೂ ಚಿಕ್ಕವು ಗ್ರಹರೂಪಿ ನೀಹಾರಿಕೆಗಳು: ಉಂಗುರ ನೀಹಾರಿಕೆ ಎಂ 57 ಒಂದೂವರೆ ಆರ್ಕ್‌ಮಿನಿಟ್ ಕೂಡ ಇಲ್ಲ. ನಿಮ್ಮ ಮನಸ್ಸು ದೊಡ್ಡವುಗಳ ಮೇಲಿದೆಯೋ ಚಿಕ್ಕವುಗಳ ಮೇಲೋ ಎಂಬುದರಲ್ಲೇ ಅರ್ಧ ತೀರ್ಮಾನವಿದೆ.

ಈ ದೊಡ್ಡ ನೀಹಾರಿಕೆಗಳ ಕೆಂಪು ಬಣ್ಣ ಹೈಡ್ರೋಜನ್ನಿನದು, ತರಂಗಾಂತರ 656.3 ನ್ಯಾನೋಮೀಟರ್. ಮಾಮೂಲು ಕ್ಯಾಮೆರಾದ ಸೆನ್ಸರ್ ಮುಂದಿನ ಗಾಜು ಇದರಲ್ಲಿ ಕಾಲು ಭಾಗದ ಆಸುಪಾಸು ಮಾತ್ರ ಒಳಗೆ ಬಿಡುತ್ತದೆ. ಎಂ 42, ಲಗೂನ್, ಕರೀನಾ ತಾವೇ ಪ್ರಖರವಾದ್ದರಿಂದ ಅಷ್ಟರಲ್ಲೂ ಮೂಡುತ್ತವೆ. ರೋಸೆಟ್, ಕ್ಯಾಲಿಫೋರ್ನಿಯಾ, ಮಹಾವ್ಯಾಧನಲ್ಲೇ ಇರುವ ಕುದುರೆತಲೆ ನೀಹಾರಿಕೆಯ ಹಿಂದಿನ ಕೆಂಪು ಪರದೆ ಮಾಮೂಲು ಕ್ಯಾಮೆರಾಗೆ ಬೇಗ ಬಗ್ಗುವುದಿಲ್ಲ. ಆ ಗಾಜು ತೆಗೆಸಿದ ಕ್ಯಾಮೆರಾಗೆ 'ಮಾಡಿಫೈಡ್' ಅನ್ನುತ್ತಾರೆ. ಗಾಜು ತೆಗೆಸಿದ ಮೇಲೆ ಹಗಲಿನ ಫೋಟೋಗಳೆಲ್ಲ ಕೆಂಪಡರುತ್ತವೆ, ಆದ್ದರಿಂದ ಮದುವೆಗೆ ಬೇಕಾದ ಕ್ಯಾಮೆರಾವನ್ನು ಬಿಚ್ಚಿಸಬೇಡಿ. ಹಳೆಯದೊಂದು ಬಾಡಿ ಕೊಂಡು ಅದನ್ನು ಮಾಡಿಫೈ ಮಾಡಿಸಿ.

ಟ್ರೈಪಾಡ್ ಮಾತ್ರ

ಕೈಯಲ್ಲಿ ಹತ್ತು ಸಾವಿರದೊಳಗೆ ಇದ್ದು ಕ್ಯಾಮೆರಾ ಆಗಲೇ ಇದ್ದರೆ ಟ್ರ್ಯಾಕರ್, ದೂರದರ್ಶಕ ಕೊಳ್ಳದೆ ಶುರು ಮಾಡಿ. ಬೇಕಾದ್ದು ಗಟ್ಟಿ ಟ್ರೈಪಾಡ್, 50 ಮಿಮೀ ಎಫ್ 1.8 ಲೆನ್ಸ್, ತಾನಾಗಿ ಕ್ಲಿಕ್ಕಿಸುವ ಇಂಟರ್ವಲೋಮೀಟರ್. ಲೆನ್ಸನ್ನು ಎಫ್ 2.2ಕ್ಕೆ ಇಳಿಸಿ (ಎಫ್ ಅಂಕಿ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆ), ಐಎಸ್ಒ 1600ರಿಂದ 3200, ರಾ ಫೈಲು (ಕ್ಯಾಮೆರಾ ತಿದ್ದದ ಮೂಲ ಫೈಲು), ಒಂದೊಂದು ಫ್ರೇಮು ಎರಡೂವರೆ ಸೆಕೆಂಡ್, ಒಟ್ಟು 400 ಫ್ರೇಮು. ಇದಕ್ಕಿಂತ ಹೆಚ್ಚು ಹೊತ್ತು ತೆರೆದರೆ ಮಹಾವ್ಯಾಧನ ನಕ್ಷತ್ರಗಳು ಗೆರೆಯಾಗುತ್ತವೆ, ಏಕೆಂದರೆ ಅವು ಖಗೋಳ ಮಧ್ಯರೇಖೆಯ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆ) ಹತ್ತಿರವಿದ್ದು ಎಲ್ಲಕ್ಕಿಂತ ವೇಗವಾಗಿ ಸರಿಯುತ್ತವೆ. ಕರೀನಾ ಮಧ್ಯರೇಖೆಯಿಂದ 60 ಡಿಗ್ರಿ ದಕ್ಷಿಣಕ್ಕಿರುವುದರಿಂದ ಅದರ ವೇಗ ಅರ್ಧ, ಅಲ್ಲಿ 5 ಸೆಕೆಂಡ್ ಕೊಡಬಹುದು. ಫೋಕಸ್‌ಗೆ ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಲೈವ್ ವ್ಯೂನಲ್ಲಿ ಲುಬ್ಧಕ ನಕ್ಷತ್ರವನ್ನು ಹತ್ತರಷ್ಟು ಹಿಗ್ಗಿಸಿ, ಚುಕ್ಕಿ ಅತಿ ಚಿಕ್ಕದಾದಲ್ಲಿ ನಿಲ್ಲಿಸಿ, ರಿಂಗಿಗೆ ಟೇಪು ಅಂಟಿಸಿ. 15 ನಿಮಿಷಕ್ಕೊಮ್ಮೆ ಚೌಕಟ್ಟು ಸರಿಪಡಿಸಿ.

400 ಫ್ರೇಮು ಸೇರಿದರೂ ಬೆಳಕು 17 ನಿಮಿಷವಷ್ಟೆ. ಎಂ 42ರ ರೆಕ್ಕೆ, ಒಳಗಿನ ನೀಲಿ ಗುಲಾಬಿ ಬಣ್ಣ ಬರುತ್ತದೆ. ಕುದುರೆತಲೆ ಬರುವುದಿಲ್ಲ. ಕ್ಯಾಮೆರಾ ಜೊತೆ ಬಂದ 18–55 ಲೆನ್ಸಿನಲ್ಲೇ ಪ್ರಯತ್ನಿಸುವುದಾದರೆ ಒಂದು ವಿಷಯ ಗೊತ್ತಿರಲಿ: 55 ಮಿಮೀಯಲ್ಲಿ ಅದು ಎಫ್ 5.6, ಎಫ್ 1.8ಕ್ಕೆ ಹೋಲಿಸಿದರೆ ಸೆನ್ಸರಿಗೆ ಬೀಳುವ ಬೆಳಕು ಹತ್ತರಲ್ಲೊಂದು ಪಾಲು. ಮೊದಲ ಖರ್ಚು ಆ 50 ಮಿಮೀ ಲೆನ್ಸಿಗೇ ಇರಲಿ. ಇನ್ನೊಂದು ಕಾರಣಕ್ಕೂ ಈ ದಾರಿ ನನಗೆ ಹಿಡಿಸುತ್ತದೆ: ಫೋಕಸ್, ರಾ ಫೈಲು, ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಪೇರಿಸುವುದು, ಇವೆಲ್ಲ ಮುಂದೆ ಯಾವ ಸಾಮಾನು ಕೊಂಡರೂ ಹಾಗೇ ಬೇಕಾಗುತ್ತವೆ. ಎರಡು ತಂತ್ರಾಂಶವೂ ಉಚಿತ.

ಟ್ರ್ಯಾಕರ್ ಮತ್ತು ಕ್ಯಾಮೆರಾ ಲೆನ್ಸ್

ಈಗಾಗಲೇ ಕ್ಯಾಮೆರಾ ಇರುವವರಿಗೆ ರೂಪಾಯಿಗೆ ಸಿಗುವ ಬೆಳಕು ಅತಿ ಹೆಚ್ಚು ಇಲ್ಲೇ, ಇದರಲ್ಲಿ ನನಗೆ ಅನುಮಾನವಿಲ್ಲ. ಸ್ಕೈವಾಚರ್ ಸ್ಟಾರ್ ಅಡ್ವೆಂಚರರ್, ಐಆಪ್ಟ್ರಾನ್ ಸ್ಕೈಗೈಡರ್ ಪ್ರೊ ಮುಂತಾದವು 5 ಕೆಜಿಯವರೆಗೆ ಹೊರುತ್ತವೆ ಎಂದು ತಯಾರಕರ ಮಾತು. ಫೋಟೋಗೆ ಮೂರು ಕೆಜಿಯೊಳಗೆ ಇಟ್ಟುಕೊಳ್ಳಿ. 135 ಮಿಮೀ ಲೆನ್ಸನ್ನು ಎಫ್ 2.8ರಲ್ಲಿ ಇಟ್ಟರೆ ಅದರ ಬಾಯಿ 48 ಮಿಮೀ, ಅಂದರೆ ಬಹುತೇಕ ಸೀಸ್ಟಾರ್ ಎಸ್ 50ರಷ್ಟೇ. ಆದರೆ ಎಪಿಎಸ್‌ಸಿ ಸೆನ್ಸರಿನಲ್ಲಿ (ಮಾಮೂಲು ಡಿಎಸ್‌ಎಲ್‌ಆರ್‌ಗಳ ಅಳತೆ) ಅದು ಹಿಡಿಯುವ ಆಕಾಶ 9.9ಕ್ಕೆ 6.6 ಡಿಗ್ರಿ. ಮಹಾವ್ಯಾಧನ ನಡುಪಟ್ಟಿ, ಕುದುರೆತಲೆ, ಎಂ 42 ಮೂರೂ ಒಂದೇ ಚೌಕಟ್ಟಿನಲ್ಲಿ. ಲಗೂನ್, ಟ್ರಿಫಿಡ್, ಸುತ್ತಲಿನ ಹಾಲುಹಾದಿ ಎಲ್ಲ ಒಟ್ಟಿಗೆ. ಬೆನ್ನಿನ ಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲೇ ಗುಡಿಬಂಡೆಗೆ ಹೋಗಿಬರಬಹುದು.

ಬೆಲೆ ತೆರುವುದು ಧ್ರುವಕ್ಕೆ ಹೊಂದಿಸುವಲ್ಲಿ. ನಮ್ಮ ಅಕ್ಷಾಂಶದಲ್ಲಿ ಟ್ರ್ಯಾಕರಿನ ಅಕ್ಷ ಹೆಚ್ಚುಕಡಿಮೆ ಮಲಗಿರುತ್ತದೆ, ನೆಲಕ್ಕೆ 13 ಡಿಗ್ರಿ ಅಷ್ಟೆ. ತೂಕವೆಲ್ಲ ಉತ್ತರಕ್ಕೆ ವಾಲುವುದರಿಂದ ಟ್ರೈಪಾಡಿನ ಒಂದು ಕಾಲನ್ನು ನೇರ ಉತ್ತರಕ್ಕೆ ಚಾಚಿ, ನಡುವಿನ ಕಂಬವನ್ನು ಏರಿಸಬೇಡಿ, ಕೆಳಗೆ ಒಂದು ನೀರಿನ ಕ್ಯಾನು ಕಟ್ಟಿ. ಅಕ್ಷಾಂಶದ ಸ್ಕ್ರೂ ಇರುವ ವೆಡ್ಜ್ (ಟ್ರ್ಯಾಕರನ್ನು ಓರೆಯಾಗಿ ಕೂರಿಸುವ ತಳ) ಬೇಕೇ ಬೇಕು. ಬಾಲ್‌ಹೆಡ್ ಮೇಲೆ ಕೂರಿಸಿದರೆ ಧ್ರುವಕ್ಕೆ ಹೊಂದಿಸಿ ತಿರುಪು ಬಿಗಿಯುವಷ್ಟರಲ್ಲಿ ಅರ್ಧ ಡಿಗ್ರಿ ಕುಸಿದಿರುತ್ತದೆ. ವೆಡ್ಜ್ ಕೊಳ್ಳುವಾಗ 13 ಡಿಗ್ರಿಗೆ ಇಳಿಯುತ್ತದೆಯೇ ಎಂದು ಕೇಳಿಯೇ ತಗೊಳ್ಳಿ. ಇನ್ನು ಧ್ರುವ ಹುಡುಕಲು ಟ್ರ್ಯಾಕರಿನಲ್ಲಿರುವ ಪುಟ್ಟ ಧ್ರುವದರ್ಶಕದೊಳಗೆ ನೋಡಲು ನೆಲದ ಮೇಲೆ ಮಂಡಿಯೂರಬೇಕಾಗುತ್ತದೆ. ಬೆನ್ನು ನೋವಿರುವವರು ಇದನ್ನು ಚಿಕ್ಕ ಮಾತೆಂದು ತಳ್ಳಿಹಾಕಬಾರದು.

ಧ್ರುವ ಕಾಣದ ಜಾಗದಲ್ಲಿ? ಫೋನಿನಲ್ಲಿ ಉತ್ತರ ನೋಡಿ, ಇಳಿಜಾರಿನ ಮೀಟರಿನಲ್ಲಿ 13 ಡಿಗ್ರಿ ಕೊಟ್ಟರೆ ಒಂದೆರಡು ಡಿಗ್ರಿಯೊಳಗೆ ಬರುತ್ತೀರಿ. ಕಾರು, ಕಬ್ಬಿಣದ ಗೇಟು ಹತ್ತಿರವಿದ್ದರೆ ದಿಕ್ಸೂಚಿ ತಪ್ಪುತ್ತದೆ, ಹತ್ತು ಹೆಜ್ಜೆ ದೂರ ಹೋಗಿ ನೋಡಿ. ಅಷ್ಟರ ಮೇಲೆ 50 ಮಿಮೀಯಲ್ಲಿ 30 ಸೆಕೆಂಡ್, 135ರಲ್ಲಿ 15 ಸೆಕೆಂಡ್ ನಡೆಯುತ್ತದೆ. ಧ್ರುವ ಸಿಕ್ಕಿ 10 ಆರ್ಕ್‌ಮಿನಿಟ್‌ವರೆಗೆ ಹೊಂದಿಸಿದರೆ 135ರಲ್ಲಿ 60ರಿಂದ 90 ಸೆಕೆಂಡ್ ಆರಾಮ. 200 ಮಿಮೀ ದಾಟಿದ ಮೇಲೆ ಯಂತ್ರದ ಹಲ್ಲಿನ ದೋಷವೇ ಕಾಣತೊಡಗುತ್ತದೆ, ಅರ್ಧದಷ್ಟು ಫ್ರೇಮು ಎಸೆಯಬೇಕಾಗಬಹುದು. 70–300 ಲೆನ್ಸ್ ಮನೆಯಲ್ಲಿದೆ ಎಂದು ಅದನ್ನೇ ಹಾಕುವವರು ಬೇಸರಪಟ್ಟು ಟ್ರ್ಯಾಕರ್ ಮಾರುವುದು ಇದೇ ಕಾರಣಕ್ಕೆ. 135 ಮಿಮೀ ಪ್ರೈಮ್ ಲೆನ್ಸಿಗೆ ಹಣ ಹಾಕಿ, ಉಳಿದದ್ದು ಮುಂದೆ.

ಸ್ಮಾರ್ಟ್ ದೂರದರ್ಶಕ

2023ರಲ್ಲಿ ಬಂದ ಸೀಸ್ಟಾರ್ ಎಸ್ 50, ಆಮೇಲಿನ ಎಸ್ 30, ಡ್ವಾರ್ಫ್ 3 ಇವು ದೂರದರ್ಶಕ, ಕ್ಯಾಮೆರಾ, ಮೌಂಟ್, ಕಂಪ್ಯೂಟರ್ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿವೆ. ನೆಲದ ಮೇಲಿಟ್ಟು ಮಟ್ಟ ಮಾಡಿ, ಫೋನಿನಲ್ಲಿ ಹೆಸರು ಒತ್ತಿದರೆ ನಕ್ಷತ್ರಗಳ ನಕ್ಷೆ ತಾನೇ ಓದಿಕೊಂಡು ಗುರಿ ಹಿಡಿಯುತ್ತದೆ, ತಾನೇ ಪೇರಿಸುತ್ತದೆ. ಎಸ್ 50 ಎರಡೂವರೆ ಕೆಜಿ, 50 ಮಿಮೀ ಬಾಯಿ, 250 ಮಿಮೀ ಫೋಕಲ್ ಉದ್ದ. ಹೈಡ್ರೋಜನ್ ಮತ್ತು ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಫಿಲ್ಟರು, ಇಬ್ಬನಿ ತಡೆಯುವ ಹೀಟರು ಒಳಗೇ ಇವೆ. ಸೆನ್ಸರ್ ಮುಂದೆ ಕೆಂಪು ತಡೆಯುವ ಗಾಜಿನ ಕಾಟವಿಲ್ಲ. ಜೋಡಿಸುವ ಹೊತ್ತು ಹತ್ತೇ ನಿಮಿಷ. ನಮ್ಮ ಮೊದಲ ಅಳತೆಗೋಲಿನಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ತುಮಕೂರು, ಕೋಲಾರ ಊರೊಳಗಿನ ತಾರಸಿಯಿಂದಲೂ ವಾರದ ದಿನ ಊಟವಾದ ಮೇಲೆ ಎರಡು ಗಂಟೆ ಬೆಳಕು ಕೂಡಿಸಬಹುದು.

ಚೌಕಟ್ಟು ಮಾತ್ರ ಇಕ್ಕಟ್ಟು. ಎಸ್ 50ರದು 1.28ಕ್ಕೆ 0.73 ಡಿಗ್ರಿ: ಎಂ 42 ಅಂಚಿಗೆ ತಗಲುತ್ತದೆ, ರೋಸೆಟ್ ಹಿಡಿಸದು, ಮೊಸಾಯಿಕ್ ಮಾಡಬೇಕು, ಅಂದರೆ ತುಂಡುತುಂಡಾಗಿ ತೆಗೆದು ಜೋಡಿಸಬೇಕು. 150 ಮಿಮೀ ಫೋಕಲ್ ಉದ್ದದ ಎಸ್ 30 ಸುಮಾರು 2.1ಕ್ಕೆ 1.2, ಡ್ವಾರ್ಫ್ 3 ಸುಮಾರು 2.9ಕ್ಕೆ 1.6 ಡಿಗ್ರಿ ನೋಡುತ್ತವೆ. ದೊಡ್ಡ ನೀಹಾರಿಕೆಗಳೇ ಗುರಿಯಾದರೆ ಈ ಎರಡರ ಕಡೆಗೇ ನನ್ನ ಒಲವು. ಎಂ 57 ಎಸ್ 50ರಲ್ಲಿ ಬರೀ 35 ಪಿಕ್ಸೆಲ್ ಅಗಲ, ಉಂಗುರ ಎಂದು ಗೊತ್ತಾಗುತ್ತದೆ, ಅಷ್ಟೆ.

ನಮ್ಮ ಅಕ್ಷಾಂಶದಲ್ಲಿ ಇವುಗಳ ನಿಜವಾದ ತೊಡಕು ಬೇರೆ. ಈ ಡಬ್ಬಿಗಳು ಎಡಬಲ, ಮೇಲೆಕೆಳಗೆ ಮಾತ್ರ ತಿರುಗುತ್ತವೆ. ಆಕಾಶ ಧ್ರುವದ ಸುತ್ತ ತಿರುಗುವುದರಿಂದ ಚೌಕಟ್ಟಿನೊಳಗಿನ ಚಿತ್ರ ಮೆಲ್ಲಗೆ ಗಿರಕಿ ಹೊಡೆಯುತ್ತದೆ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ, ನೆತ್ತಿಗೆ ಹತ್ತಿರವಾದಷ್ಟೂ ಈ ಗಿರಕಿ ಜೋರು. ಚಿಕ್ಕಬಳ್ಳಾಪುರದಲ್ಲಿ ಎಂ 42 ಪೂರ್ವದಲ್ಲಿ 30 ಡಿಗ್ರಿ ಎತ್ತರದಲ್ಲಿರುವಾಗ ಗಂಟೆಗೆ ಸುಮಾರು 4 ಡಿಗ್ರಿ ತಿರುಗುತ್ತದೆ. 50 ಡಿಗ್ರಿ ಎತ್ತರಕ್ಕೆ ಬಂದಾಗ 10 ಡಿಗ್ರಿ. ದಕ್ಷಿಣದಲ್ಲಿ 71 ಡಿಗ್ರಿ ಏರಿ ಮಧ್ಯಾಕಾಶ ದಾಟುವಾಗ 45 ಡಿಗ್ರಿ. ಆಗ 10 ಸೆಕೆಂಡಿನ ಫ್ರೇಮಿನಲ್ಲೂ ಮೂಲೆಯ ನಕ್ಷತ್ರ ಎರಡು ಪಿಕ್ಸೆಲ್‌ಗಿಂತ ಹೆಚ್ಚು ಎಳೆದುಕೊಳ್ಳುತ್ತದೆ. ರೋಸೆಟ್ ನಮ್ಮ ನೆತ್ತಿಯಿಂದ ಎಂಟೇ ಡಿಗ್ರಿ ದೂರದಲ್ಲಿ ಹಾದುಹೋಗುತ್ತದೆ, ಆ ಹೊತ್ತಿಗೆ ಗಂಟೆಗೆ 100 ಡಿಗ್ರಿ. ಯಂತ್ರ ಅಂಥ ಫ್ರೇಮುಗಳನ್ನು ತಾನೇ ತಿರಸ್ಕರಿಸುತ್ತದೆ, ಒಂದು ಗಂಟೆ ಕಾದರೂ ಸೇರಿದ್ದು ಅರ್ಧ ಗಂಟೆ ಇರಬಹುದು. ಎಲ್ಲ ಕಡೆಯೂ 'ನೆತ್ತಿಗೆ ಬಂದಾಗ ತೆಗೆಯಿರಿ' ಎಂದೇ ಹೇಳುತ್ತಾರೆ. ಈ ಯಂತ್ರಕ್ಕೆ ಇಲ್ಲಿ ಆ ಮಾತು ತಿರುವುಮುರುವು. ಜನವರಿ ನಡುವಿನಲ್ಲಿ ಎಂ 42 ಮಧ್ಯಾಕಾಶಕ್ಕೆ ಬರುವುದು ಹತ್ತೂವರೆ ಸುಮಾರಿಗೆ. ನೀವು ಏಳರಿಂದ ಎಂಟೂವರೆವರೆಗೆ ಪೂರ್ವದಲ್ಲಿ ತೆಗೆದು, ನಡುವೆ ನೆತ್ತಿಯಿಂದ ದೂರವಿರುವ ಬೇರೊಂದು ಗುರಿಗೆ ತಿರುಗಿ, ಹನ್ನೆರಡೂವರೆ ಮೇಲೆ ಪಶ್ಚಿಮದಲ್ಲಿ ಮತ್ತೆ ಎಂ 42 ಹಿಡಿಯಿರಿ.

ಈ ಡಬ್ಬಿಗಳನ್ನು ಧ್ರುವಕ್ಕೆ ವಾಲಿಸಿ ನಡೆಸುವ ಸೌಲಭ್ಯವೂ ಬಂದಿದೆ, ಗಿರಕಿ ನಿಲ್ಲುತ್ತದೆ. ಆದರೆ 13 ಡಿಗ್ರಿಯಲ್ಲಿ ವಾಲಿಸುವುದೆಂದರೆ ಡಬ್ಬಿಯನ್ನು ನೆಟ್ಟಗಿನಿಂದ 77 ಡಿಗ್ರಿ ಮಲಗಿಸಿದಂತೆ. ಜೊತೆಗೆ ಬರುವ ಪುಟ್ಟ ಟ್ರೈಪಾಡು ಅಲ್ಲೇ ಮಗುಚುತ್ತದೆ. ಗಟ್ಟಿ ಟ್ರೈಪಾಡು ಮತ್ತು ವೆಡ್ಜ್‌ಗೆ ಬೇರೆ ಹಣ ತೆಗೆದಿಡಿ.

ಶಾಲೆಗೆ, ಕಾಲೇಜಿನ ವಿಜ್ಞಾನ ಕೂಟಕ್ಕೆ ಕೇಳಿದರೆ ಎರಡನೆಯ ಯೋಚನೆಯೇ ಬೇಡ, ಸ್ಮಾರ್ಟ್ ದೂರದರ್ಶಕವೇ ಸರಿ. ಬೂದು ಹೊಗೆಯಂತಿದ್ದ ಚಿತ್ರ ಐದು ನಿಮಿಷದಲ್ಲಿ ಬಣ್ಣ ತುಂಬಿಕೊಳ್ಳುವುದನ್ನು ಮೂವತ್ತು ಮಕ್ಕಳು ಒಟ್ಟಿಗೆ ನೋಡಬಹುದು. ತಾನೇ ಕಲಿತು, ಹಂತಹಂತವಾಗಿ ಬೆಳೆಸಿಕೊಂಡು ಹೋಗಬೇಕು ಎನ್ನುವವರಿಗೆ ಇದು ಬೇಗ ಕೊನೆ ಮುಟ್ಟುತ್ತದೆ: ಲೆನ್ಸ್ ಬದಲಿಸಲಾಗದು, ಸೆನ್ಸರ್ ಬದಲಿಸಲಾಗದು.

ಈಕ್ವಟೋರಿಯಲ್ ಮೌಂಟ್, ಪುಟ್ಟ ವಕ್ರೀಭವನ ದೂರದರ್ಶಕ

ಈಕ್ವಟೋರಿಯಲ್ ಎಂದರೆ ಅಕ್ಷವನ್ನು ಧ್ರುವಕ್ಕೆ ನೇರ ಮಾಡಿ ತಿರುಗಿಸುವ ಮೌಂಟ್. ಎರಡು ಲಕ್ಷ ದಾಟುವ ದಾರಿ ಇದು. ಎಚ್‌ಇಕ್ಯೂ 5 ತರಗತಿಯ ಮೌಂಟು, 60ರಿಂದ 80 ಮಿಮೀ ದೂರದರ್ಶಕ, ತಂಪಾಗುವ ಕ್ಯಾಮೆರಾ, ಒಂದು ನಕ್ಷತ್ರ ನೋಡುತ್ತ ಮೌಂಟಿನ ತಪ್ಪು ತಿದ್ದಿಸುವ ಗೈಡ್ ಕ್ಯಾಮೆರಾ. 3ರಿಂದ 5 ನಿಮಿಷದ ಫ್ರೇಮುಗಳು ಚುಕ್ಕಿ ಚುಕ್ಕಿಯಾಗಿ ಬರುತ್ತವೆ. 400 ಮಿಮೀ ಫೋಕಲ್ ಉದ್ದಕ್ಕೆ ಎಪಿಎಸ್‌ಸಿ ಸೆನ್ಸರು 3.4ಕ್ಕೆ 2.2 ಡಿಗ್ರಿ ಕೊಡುತ್ತದೆ, ಕುದುರೆತಲೆಗೂ ರೋಸೆಟ್‌ಗೂ ಹೇಳಿ ಮಾಡಿಸಿದ ಅಳತೆ. ತಂಪಾಗುವ ಕ್ಯಾಮೆರಾದ ಗುಣ ಕಾಣುವುದು ನಮ್ಮ ಏಪ್ರಿಲ್‌ನಲ್ಲಿ. ಸೆನ್ಸರಿನ ಬಿಸಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ ಬಿಸಿಯಿಂದ ಹುಟ್ಟುವ ಸಂಕೇತ ಇಮ್ಮಡಿಯಾಗುತ್ತದೆ. ರಾತ್ರಿ 26 ಡಿಗ್ರಿ ಇರುವಾಗ ಸೆನ್ಸರನ್ನು ಸೊನ್ನೆಗೋ ಮೈನಸ್ ಐದಕ್ಕೋ ಇಳಿಸಿದರೆ ಚಿತ್ರದ ಕಪ್ಪು ನಿಜಕ್ಕೂ ಕಪ್ಪಾಗುತ್ತದೆ.

ಮೌಂಟು, ಟ್ರೈಪಾಡು, ತೂಕದ ಗುಂಡು ಸೇರಿ 25 ಕೆಜಿ ಆಸುಪಾಸು. ಕಾರು ಬೇಕು. ಬ್ಯಾಟರಿ ಬೇಕು: ಮೌಂಟು, ಕ್ಯಾಮೆರಾ, ಕಂಪ್ಯೂಟರ್, ಹೀಟರ್ ಒಟ್ಟು 40 ವ್ಯಾಟ್ ಎಂದು ಹಿಡಿದರೆ ಆರು ಗಂಟೆಗೆ 240 ವ್ಯಾಟ್‌ಅವರ್, ಅಂದರೆ 12 ವೋಲ್ಟಿನ 20 ಆಂಪಿಯರ್‌ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೆಚ್ಚುಕಡಿಮೆ ಖಾಲಿ. 13 ಡಿಗ್ರಿಗೆ ಇಳಿಸಿದಾಗ ಕೆಲವು ಮೌಂಟುಗಳ ತೂಕದ ಕಡ್ಡಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ನಡುವೆ ಒಂದು ಎತ್ತರದ ಕಂಬ ಸೇರಿಸಿದರೆ ತಪ್ಪುತ್ತದೆ. ಧ್ರುವ ಕಾಣದಿದ್ದರೂ ಇಲ್ಲಿ ಉಪಾಯವಿದೆ: ನೀನಾ ತಂತ್ರಾಂಶದ ಮೂರು ಬಿಂದುಗಳ ವಿಧಾನವೋ ಎಎಸ್‌ಐ ಏರ್‌ನ ಅಂಥದೇ ಸೌಲಭ್ಯವೋ ಆಕಾಶದ ಬೇರೆ ಭಾಗ ನೋಡಿಯೇ ಅಕ್ಷದ ತಪ್ಪನ್ನು ಲೆಕ್ಕ ಹಾಕಿ ಹೇಳುತ್ತವೆ.

ಬಾಡಿಗೆ ಮನೆಯಲ್ಲಿದ್ದು ವಾರಾಂತ್ಯಕ್ಕೆ ಮಾತ್ರ ಊರಾಚೆ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ತೋಟದಲ್ಲಿ ಕಾಯಂ ಕಂಬ ಹಾಕಬಲ್ಲವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸುಮಾರು 30 ಸೆಂಮೀ ದಪ್ಪದ ಕಾಂಕ್ರೀಟ್ ಕಂಬವನ್ನು ನೆಲದಲ್ಲಿ ಆಳವಾಗಿ ಹೂತು, ಸುತ್ತಲಿನ ಕಟ್ಟೆಗೆ ತಾಗದಂತೆ ಸಂದು ಬಿಡಿ. ತಾಗಿದರೆ ನೀವು ನಡೆದ ಹೆಜ್ಜೆಯೆಲ್ಲ ಫ್ರೇಮಿನಲ್ಲಿ ಕಾಣುತ್ತದೆ. ಒಮ್ಮೆ ಧ್ರುವಕ್ಕೆ ಹೊಂದಿಸಿದರೆ ಮೌಂಟು ಮುಚ್ಚಿಟ್ಟು ಬರಬಹುದು, ಮರುದಿನ ಶುರು ಮಾಡಲು ಕಾಲು ಗಂಟೆ. ದುಬಾರಿ ಸಾಮಾನು ಅಲ್ಲಿಗೆ ಸ್ಮಾರ್ಟ್ ದೂರದರ್ಶಕದಷ್ಟೇ ಚುರುಕಾಯಿತು.

ಅಂಗಡಿಗಳು ತೋರಿಸುವ 130 ಮಿಮೀ ನ್ಯೂಟೋನಿಯನ್ (ಕನ್ನಡಿಯ ದೂರದರ್ಶಕ) ಮತ್ತು ತೆಳು ಮೌಂಟಿನ ಜೋಡಿ ನೋಡಲು ಆಕರ್ಷಕ. ಕಣ್ಣಿಟ್ಟು ನೋಡಲು ಅದು ಚೆನ್ನ. ಡಿಎಸ್‌ಎಲ್‌ಆರ್ ಹಾಕಿದರೆ ಅಂಥ ಹಲವು ದೂರದರ್ಶಕಗಳಲ್ಲಿ ಫೋಕಸ್ ಸಿಗುವುದೇ ಇಲ್ಲ, ಫೋಕಸರ್ ಪೂರ್ತಿ ಒಳಗೆ ಹೋದರೂ ಇನ್ನಷ್ಟು ಬೇಕಾಗುತ್ತದೆ. ಫೋಟೋಗೆಂದು ಅದನ್ನು ಕೊಳ್ಳಬೇಡಿ.

ಎಲ್ಲಿ ನಿಲ್ಲಬೇಕು

ಸಾಮಾನಿಗಿಂತ ಇದು ಹೆಚ್ಚು ವ್ಯತ್ಯಾಸ ಮಾಡುತ್ತದೆ. ಬೆಂಗಳೂರಿನ ಬೆಳಕಿನ ಗುಮ್ಮಟ ಚಿಕ್ಕಬಳ್ಳಾಪುರಕ್ಕೆ ದಕ್ಷಿಣದಲ್ಲಿದೆ, ಕೋಲಾರಕ್ಕೆ ಪಶ್ಚಿಮದಲ್ಲಿ, ತುಮಕೂರಿಗೆ ಆಗ್ನೇಯದಲ್ಲಿ. ಕರೀನಾ ನಮ್ಮಲ್ಲಿ ದಕ್ಷಿಣ ದಿಗಂತದಿಂದ 17 ಡಿಗ್ರಿ ಮಾತ್ರ ಏರುತ್ತದೆ. ಚಿಕ್ಕಬಳ್ಳಾಪುರದಿಂದ ನೋಡಿದರೆ ಅದು ಬೆಂಗಳೂರು ಮತ್ತು ದೇವನಹಳ್ಳಿ ವಿಮಾನ ನಿಲ್ದಾಣದ ಬೆಳಕಿನಲ್ಲೇ ಮುಳುಗಿರುತ್ತದೆ. ಅದೇ ಮುಳಬಾಗಿಲಿನ ಪೂರ್ವಕ್ಕೆ ಹೋದರೆ ಬೆಂಗಳೂರು ಬಗಲಿಗೆ ಸರಿಯುತ್ತದೆ, ದಕ್ಷಿಣ ತೆರೆದುಕೊಳ್ಳುತ್ತದೆ. ಉತ್ತರದ ಕ್ಯಾಲಿಫೋರ್ನಿಯಾ ನೀಹಾರಿಕೆಗೆ ಗುಡಿಬಂಡೆ, ಬಾಗೇಪಲ್ಲಿ ಕಡೆ ವಾಸಿ. ತುಮಕೂರು ಜಿಲ್ಲೆಯಲ್ಲಿ ಮಳೆ ಕಡಿಮೆ, ಕತ್ತಲು ಹೆಚ್ಚು ಇರುವ ಪಾವಗಡವೇ ಮೊದಲ ಆಯ್ಕೆ. ನಂದಿ ಬೆಟ್ಟಕ್ಕೆ ರಾತ್ರಿ ಬಿಡುವುದಿಲ್ಲ, ಸ್ಕಂದಗಿರಿ ಚಾರಣಕ್ಕೆ ಅನುಮತಿ ಬೇಕು. ದೇವರಾಯನದುರ್ಗದ ಕಾಡಂಚಿನಲ್ಲಿ ಚಿರತೆಗಳಿವೆ, ಒಬ್ಬರೇ ಹೋಗಬೇಡಿ. ಸೇವಂತಿಗೆ ತೋಟಗಳಲ್ಲಿ ಗಿಡಕ್ಕೆ ಹಗಲು ಉದ್ದ ಮಾಡಲು ರಾತ್ರಿ ಬಲ್ಬು ಉರಿಸುವುದುಂಟು, ಹಗಲಲ್ಲಿ ನೋಡಿ ಬಂದ ಜಾಗ ರಾತ್ರಿ ಬೆಳ್ಳಗಾಗಿರಬಹುದು. ಹೊಲದ ಯಜಮಾನರಿಗೆ ಸಂಜೆಯೇ ತಿಳಿಸಿ, ಇಲ್ಲವಾದರೆ ನಡುರಾತ್ರಿ ಕೆಂಪು ಬ್ಯಾಟರಿ ಹಿಡಿದು ಓಡಾಡುವವರನ್ನು ಊರವರು ಕಳ್ಳರೆಂದೇ ತಿಳಿಯುತ್ತಾರೆ.

ಬೀದಿಯ ಸೋಡಿಯಂ ದೀಪಗಳ ಕಾಲದಲ್ಲಿ ಅಗ್ಗದ ಫಿಲ್ಟರು ಕೆಲಸ ಮಾಡುತ್ತಿತ್ತು. ಎಲ್‌ಇಡಿ ಬೆಳಕು ಎಲ್ಲ ಬಣ್ಣದಲ್ಲೂ ಹರಡಿದೆ. ಈಗ ಊರೊಳಗಿಂದ ನೆರವಾಗುವುದು ಹೈಡ್ರೋಜನ್, ಆಮ್ಲಜನಕ ಎರಡನ್ನೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರು, ಅದೂ ಮಾಡಿಫೈಡ್ ಕ್ಯಾಮೆರಾಗೆ. ಕೃತ್ತಿಕೆಯ ಸುತ್ತಲಿನ ನೀಲಿ ಮಂಜಿಗೆ ಈ ಫಿಲ್ಟರು ಕೆಡುಕೇ, ಅದು ಬರೀ ನಕ್ಷತ್ರದ ಬೆಳಕು ದೂಳಿಗೆ ತಾಗಿ ಚೆದುರಿದ್ದು. ಫಿಲ್ಟರಿನ ಬೆಲೆಗೆ ಪಾವಗಡಕ್ಕೆ ಎಷ್ಟು ಸಲ ಹೋಗಿಬರಬಹುದು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಇಬ್ಬನಿಯನ್ನು ಮರೆತವರ ರಾತ್ರಿ ಒಂದು ಗಂಟೆಗೆ ಮುಗಿಯುತ್ತದೆ. ಯಾವ ಲೆನ್ಸಾದರೂ ಡಿಸೆಂಬರ್, ಜನವರಿಯಲ್ಲಿ ಹೀಟರ್ ಪಟ್ಟಿ ಸುತ್ತಿ. ಯುಎಸ್‌ಬಿ ಪಟ್ಟಿ 10 ವ್ಯಾಟ್ ತೆಗೆದುಕೊಂಡರೆ 20,000 ಎಂಎಎಚ್ ಪವರ್‌ಬ್ಯಾಂಕು ಆರು ಗಂಟೆ ತಾಳುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕ್ಯಾಮೆರಾ ಇದೆ, ಹಣವಿಲ್ಲ: ಟ್ರೈಪಾಡ್, 50 ಮಿಮೀ, ಈ ಹಂಗಾಮು ಪೂರ್ತಿ ಎಂ 42 ಮತ್ತು ಮಾರ್ಚಿನ ಬೆಳಗಿನ ಜಾವ ಲಗೂನ್. ಕ್ಯಾಮೆರಾ ಇದೆ, ಐವತ್ತು ಅರವತ್ತು ಸಾವಿರವಿದೆ, ತಿಂಗಳಿಗೆರಡು ರಾತ್ರಿ ಊರಾಚೆ ಹೋಗಬಲ್ಲಿರಿ: ಟ್ರ್ಯಾಕರ್, 135 ಮಿಮೀ. ಅಷ್ಟೇ ಹಣವಿದೆ, ಕ್ಯಾಮೆರಾ ಇಲ್ಲ, ಊರೊಳಗಿನ ತಾರಸಿಯೇ ಗತಿ, ಅಥವಾ ಮನೆಮಂದಿಗೆಲ್ಲ ತೋರಿಸುವ ಆಸೆ: ಸ್ಮಾರ್ಟ್ ದೂರದರ್ಶಕ. ತೋಟ, ಕಂಬ, ಕರೆಂಟು ಮೂರೂ ಇವೆ: ಮೌಂಟು. ಕ್ಯಾಮೆರಾ ಮತ್ತು ಟ್ರ್ಯಾಕರ್ ಎರಡೂ ಹೊಸದಾಗಿ ಕೊಳ್ಳಬೇಕು ಎಂದಾದರೆ ಖರ್ಚು ಸ್ಮಾರ್ಟ್ ದೂರದರ್ಶಕವನ್ನು ದಾಟಿಬಿಡುತ್ತದೆ. ಆಗ ಟೌನಿನ ಮದುವೆ ಫೋಟೋಗ್ರಾಫರುಗಳ ಹತ್ತಿರ ಹಳೆಯ ಡಿಎಸ್‌ಎಲ್‌ಆರ್ ಬಾಡಿ ವಿಚಾರಿಸಿ. ನೂರು ಸಾವಿರ ಕ್ಲಿಕ್ಕಾಗಿದ್ದರೂ ಸೆನ್ಸರಿಗೆ ಅದರಿಂದ ಹಾನಿಯಿಲ್ಲ. ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್ಒ 1600ರಲ್ಲಿ 60 ಸೆಕೆಂಡಿನ ಒಂದು ಫ್ರೇಮು ತೆಗೆದು ಹಿಗ್ಗಿಸಿ ನೋಡಿ: ಬಿಡಿಬಿಡಿ ಬಣ್ಣದ ಚುಕ್ಕಿಗಳಿದ್ದರೆ ಪರವಾಗಿಲ್ಲ, ಅಡ್ಡ ಪಟ್ಟೆಗಳೋ ಒಂದು ಮೂಲೆಯಲ್ಲಿ ನೇರಳೆ ಹೊಳಪೋ ಕಂಡರೆ ಬಿಟ್ಟುಬಿಡಿ. ಹಳೆಯ ಟ್ರ್ಯಾಕರಾದರೆ ಕ್ಲಚ್ ಬಿಗಿದು ಕೈಯಿಂದ ಮೆಲ್ಲಗೆ ಆಡಿಸಿ ನೋಡಿ. ಟಕ್ ಟಕ್ ಎಂದು ಸಡಿಲ ಸಿಕ್ಕಿದರೆ ಹಲ್ಲು ಸವೆದಿದೆ, ಅಥವಾ ಬಿಗಿ ತಪ್ಪಿದೆ. 50 ಮಿಮೀ ಲೆನ್ಸ್ ಹಾಕಿ ಒಂದು ರಾತ್ರಿ 60 ಸೆಕೆಂಡಿನ ಇಪ್ಪತ್ತು ಫ್ರೇಮು ತೆಗೆಯಲು ಮಾರುವವರು ಒಪ್ಪಿದರೆ, ಹಣ ಕೊಡುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.